ಬೀಗ ಹಾಕಿದವರಿಲ್ಲದ ವಾಕ್ಯ

ಮಾನ್ಯ ತನಿಖಾಧಿಕಾರಿಗಳೇ,

ಈ ಪತ್ರದ ಮೊದಲ ಕರಡಿನಲ್ಲಿ ನಾನು ಒಂದು ಸಂಗತಿಯನ್ನು ಬಿಟ್ಟುಬಿಟ್ಟಿದ್ದೆ. ನಿಮ್ಮ ವರದಿಯ ಹನ್ನೊಂದನೇ ಪುಟದಲ್ಲಿರುವ ‘ದಿ ಡೋರ್ ವಾಸ್ ಲಾಕ್ಡ್’ ಎಂಬ ವಾಕ್ಯ ನನ್ನದು. ಆ ವಾಕ್ಯದಿಂದಾಗಿ ಈಗ ಒಬ್ಬ ಹೆಂಗಸು ಕೆಲಸ ಕಳೆದುಕೊಳ್ಳಲಿದ್ದಾಳೆ.

ಸಿದ್ಧ ಉಡುಪು ಕಾರ್ಖಾನೆಯ ಇಸ್ತ್ರಿ ಕೋಣೆಯಲ್ಲಿ ಹಬೆಯ ಕೊಳವೆ ಒಡೆದು ಇಬ್ಬರು ಸತ್ತ ಮೇಲೆ, ಹೇಳಿಕೆಗಳನ್ನು ಇಂಗ್ಲಿಷಿಗೆ ತರಲು ನಿಮ್ಮ ಕಚೇರಿ ನನ್ನನ್ನು ಕರೆಸಿತು. ಆ ಕೋಣೆಯ ಹಿರಿಯ ಕೆಲಸಗಾರ್ತಿ ಎರಡೂ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಎದುರು ಕುಳಿತಿದ್ದಳು.

“ಹಿಂದಿನ ಬಾಗ್ಲಿಗೆ ಬೀಗ ಹಾಕಿದ್ರು ಮೇಡಂ. ದಿನಾ ಹಾಕ್ತಾರೆ, ನಾವು ಬಟ್ಟೆ ಕದ್ಕೊಂಡು ಓಡ್ತೀವಿ ಅಂತ.”

“ಯಾರು ಹಾಕಿದ್ರು?”

“ಇನ್ಯಾರು, ಮ್ಯಾನೇಜರ್ ಸಾಹೇಬ್ರು. ಬೀಗದ ಕೈ ಅವ್ರ ಸೊಂಟ ಬಿಟ್ಟು ಇಳಿಯಲ್ಲ, ಜೋರಿನ ಅತ್ತೆ ಥರ.”

ನಾನು ‘ಮ್ಯಾನೇಜರ್ ಬಾಗಿಲಿಗೆ ಬೀಗ ಹಾಕಿದರು’ ಎಂದೇ ಇಂಗ್ಲಿಷಿನಲ್ಲಿ ಬರೆದೆ. ನಿಮ್ಮ ಗುಮಾಸ್ತರು ಓದಿ ನಕ್ಕರು. “ಇಷ್ಟು ಒರಟಾಗಿ ಬೇಡ ಮೇಡಂ. ಆಫೀಸ್ ಇಂಗ್ಲಿಷಲ್ಲಿ ಬರೀರಿ. ಕಾನ್ವೆಂಟಲ್ಲಿ ಓದಿದೋರಿಗೆ ನಾನು ಹೇಳ್ಬೇಕಾ?”

ಹೇಳಬೇಕಾಗಿರಲಿಲ್ಲ. ಸಕರ್ಮಕ ಕ್ರಿಯಾಪದವಿದ್ದರೆ ಸಾಕು, ವಾಕ್ಯವನ್ನು ತಿರುಗಿಸಬಹುದು. ಕರ್ಮವನ್ನು ಮುಂದೆ ತಂದು, ಕರ್ತೃವನ್ನು ಇಂಗ್ಲಿಷಿನ ‘ಬೈ’ ಜೊತೆ ಕೊನೆಗೆ ತಳ್ಳಿ, ಅವನು ಮುಖ್ಯನಲ್ಲವೆನಿಸಿದರೆ ಬಿಟ್ಟೇಬಿಡಬಹುದು. ಶಾಲೆಯಲ್ಲಿ ಇದಕ್ಕೆ ನನಗೆ ಹತ್ತಕ್ಕೆ ಹತ್ತು ಬರುತ್ತಿತ್ತು. ಯಾರು ಮುಖ್ಯರಲ್ಲ ಎಂದು ಅವತ್ತು ನಿರ್ಧರಿಸಿದ್ದು ಗುಮಾಸ್ತರೋ ನಾನೋ? ಪೆನ್ನಂತೂ ನನ್ನ ಕೈಯಲ್ಲಿತ್ತು.

ಖಾಲಿ ಬಿಟ್ಟ ಜಾಗ ಖಾಲಿಯಾಗಿ ಉಳಿಯಲಿಲ್ಲ. ‘ಬೀಗ ಹಾಕಲಾಗಿತ್ತು’ ಎಂದ ಮೇಲೆ ನಿಮ್ಮ ಹದಿನಾಲ್ಕನೇ ಪುಟ, ‘ಆ ಹೊತ್ತಿನಲ್ಲಿ ಕೋಣೆಯಲ್ಲಿ ಕೆಲಸಗಾರರು ಮಾತ್ರ ಇದ್ದರು’ ಎನ್ನುತ್ತದೆ. ಎಷ್ಟು ಸಭ್ಯವಾದ ವರದಿ! ಯಾರತ್ತಲೂ ಬೆರಳು ತೋರಿಸದೆ ಒಬ್ಬಳನ್ನು ಹಿಡಿದುಕೊಟ್ಟಿದೆ. ಕಳೆದ ವಾರ ಆ ಹಿರಿಯ ಕೆಲಸಗಾರ್ತಿ ಕಾರ್ಖಾನೆಯ ನೋಟಿಸು ಹಿಡಿದು ನನ್ನ ಮನೆಗೆ ಬಂದಳು. ಇಂಗ್ಲಿಷಿನಲ್ಲಿತ್ತು. ಓದಿ ಹೇಳಿದೆ.

“ಬೀಗ ಹಾಕಿದ್ದು ನಾನು ಅಂತಾನಾ?”

“ಹಾಗೆ ಬರೆದಿಲ್ಲ. ಕೋಣೆಯ ಜವಾಬ್ದಾರಿ ನಿಮ್ದು, ಯಾಕೆ ಕೆಲಸದಿಂದ ತೆಗೀಬಾರ್ದು ಅಂತ ಕೇಳಿದಾರೆ.”

“ಮತ್ತೆ ಬೀಗ ಯಾರು ಹಾಕಿದ್ರು ಅಂತ ಬರೆದಿದೆ?”

“ಯಾರು ಅಂತ ಬರೆದಿಲ್ಲ.”

ಆಕೆ ಕಾಗದವನ್ನು ಮಡಚಲು ನೋಡಿದಳು, ಬೆರಳು ಬಗ್ಗಲಿಲ್ಲ. “ನಾನು ಹೇಳಿದ್ನಲ್ಲ ಮೇಡಂ. ನೀವು ಬರ್ಕೊಂಡ್ರಲ್ಲ.” ಆಮೇಲೆ, “ಹೋಗ್ಲಿ ಬಿಡಿ, ನನ್ನ ಕರ್ಮ,” ಎಂದಳು.

ವ್ಯಾಕರಣ ಗೊತ್ತಿಲ್ಲದ ಆಕೆ ಸರಿಯಾದ ಪದವನ್ನೇ ಆಡಿದ್ದಳು. ಕರ್ತೃ ವಾಕ್ಯದಿಂದ ಇಳಿದು ಹೋದ, ಉಳಿದದ್ದು ಕರ್ಮ.

ನಿನ್ನೆ ಕಾರ್ಖಾನೆಯ ಹಿಂದಿನ ರಸ್ತೆಯಲ್ಲಿ ನಡೆದು ನೋಡಿದೆ. ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿದಿದ್ದಾರೆ. ಬಾಗಿಲಿಗೆ ಹೊಸ ಬೀಗವಿದೆ, ಹಳೆಯ ಚಿಲಕದಲ್ಲೇ, ಹೊರಗಡೆಯಿಂದ. ಒಳಗಿದ್ದ ಹೆಂಗಸರು ಹೊರಗಿನ ಬೀಗ ಹಾಕಿಕೊಂಡದ್ದು ಹೇಗೆಂದು ತಾವು ಯೋಚಿಸಿದಿರಾ, ಅಥವಾ ಅದೂ ಯೋಚಿಸಲಾಯಿತೇ? ಸೋಮವಾರ, ಹನ್ನೆರಡನೇ ತಾರೀಖು, ಅರವತ್ತು ಜನ ಆ ಕೋಣೆಗೆ ಮರಳುತ್ತಾರೆ. ‘ಅಗತ್ಯ ಕ್ರಮ ಕೈಗೊಳ್ಳಲಾಗುವುದು’ ಎಂದು ವರದಿ ಮುಗಿಯುತ್ತದೆ. ಯಾರು ಕೈಗೊಳ್ಳುತ್ತಾರೆ?

ನನ್ನ ಮೊದಲ ವಾಕ್ಯವನ್ನು ವರದಿಗೆ ಮರಳಿ ಸೇರಿಸಿ. ಆಕೆಯ ಹೇಳಿಕೆ ಅದು. ನೋಟಿಸನ್ನು ಹಿಂದಕ್ಕೆ ತೆಗೆಸಿ. ಸೋಮವಾರಕ್ಕೆ ಮುಂಚೆ ಆ ಬೀಗವನ್ನು ತಾವೇ ಹೋಗಿ ತೆಗೆಸಿ. ಇಲ್ಲದಿದ್ದರೆ ಮುಂದಿನ ವರದಿಗೆ ತಮಗೆ ಅನುವಾದಕರೂ ಬೇಕಾಗುವುದಿಲ್ಲ; ಹನ್ನೊಂದನೇ ಪುಟವನ್ನೇ ನಕಲು ಮಾಡಿಕೊಳ್ಳಬಹುದು.

ಇಂತಿ,
ಹತ್ತಕ್ಕೆ ಹತ್ತು ಪಡೆದ ತಮ್ಮ ಅನುವಾದಕಿ

ಇದನ್ನು ಅಂಚೆಗೆ ಹಾಕುತ್ತಿರುವವಳು ನಾನು; ಗುರುವಾರ, ಎಂಟನೇ ತಾರೀಖು.