ಸಾಂಬ್ರಾಣಿಗೆ ಕೆಂಪಾದ ದೀಪ

ನ್ಯೂ ಟೌನ್, ಭದ್ರಾವತಿ
ಬೆಳಗಿನ ಐದು ಗಂಟೆ

ಅಮ್ಮ,

ಅಕ್ಷರಾಳ ಸೀನಿಗೆ ಎಚ್ಚರವಾಯಿತು, ಮತ್ತೆ ನಿದ್ದೆ ಬರಲಿಲ್ಲ. ನಿನ್ನ ಮೊಮ್ಮಗಳು ಮಾತ್ರ ಸೀನಿ ಹಾಗೇ ಮಲಗಿದ್ದಾಳೆ. ಹಾಲು ಚೆನ್ನಾಗಿ ಕುಡಿಯುತ್ತಾಳೆ, ನಾನೂ ಆರಾಮ, ಹೊಸ ಊರು ಒಗ್ಗುತ್ತಿದೆ.

ಲಾರಿಗಳ ಧೂಳಿಗೆ ಹೆದರಿ ಇವರು ಗಾಳಿ ಎಷ್ಟು ಶುದ್ಧ ಅಂತ ಅಳೆಯುವ ಪುಟ್ಟ ಪೆಟ್ಟಿಗೆ ತಂದಿದ್ದಾರೆ, ಗಾಳಿ ಕೆಟ್ಟರೆ ಅದರ ದೀಪ ಕೆಂಪಾಗುತ್ತದೆ. ರಸ್ತೆ ಕಡೆಯ ಕಿಟಕಿ ತೆಗೆದರೂ ಅದರ ದೀಪ ಹಸಿರಾಗಿಯೇ ಇತ್ತು. ನಿನ್ನೆ ಮಗುವಿಗೆ ಸ್ನಾನ ಮಾಡಿಸಿ, ಗಾಳಿ ತಾಗದಂತೆ ಕಿಟಕಿ ಮುಚ್ಚಿ, ಅತ್ತೆ ಸಾಂಬ್ರಾಣಿ ಹೊಗೆ ಹಾಕಿದ್ದೇ ತಡ, ಕೆಂಪಾಯಿತು.

"ಪಾಪ, ಪೆಟ್ಟಿಗೆಗೂ ದೃಷ್ಟಿ ಆಗಿದೆ ಮಾರಾಯ್ತಿ. ತಡಿ, ಅದಕ್ಕೂ ಚೂರು ಹೊಗೆ ಹಿಡೀತೀನಿ" ಎಂದರು. ನನಗೂ ನಗು ಬಂತು. ಆದರೆ ಹೊಗೆಯ ಸಣ್ಣ ಕಣಗಳು ಶ್ವಾಸಕೋಶದಿಂದ ರಕ್ತಕ್ಕಿಳಿದು ಮಿದುಳಿನವರೆಗೂ ಹೋಗುತ್ತವಂತೆ. ಇವಳ ಮಿದುಳು ಈಗಷ್ಟೇ ಬೆಳೆಯುತ್ತಿದೆ.

ನಾನು ಬೇಡವೆಂದರೆ, "ಗಾಂಧಿ ಬಜಾರಿಂದ ನಿಮ್ಮಮ್ಮನೇ ಕಳ್ಸಿದ ಸಾಂಬ್ರಾಣಿ ಕಣೇ, ಅವ್ರಿಗೆ ಗೊತ್ತಿಲ್ವಾ?" ಅನ್ನುತ್ತಾರೆ. ನಾನು ಫೋನಿನಲ್ಲಿ ಹೇಳೋಣವೆಂದರೆ ಅವರು ಪಕ್ಕದಲ್ಲೇ ಇರುತ್ತಾರೆ.

ಕಳಿಸಿದವಳು ನೀನೇ ಸಾಕು ಅಂದರೆ ಖಂಡಿತ ಕೇಳುತ್ತಾರೆ. ಈ ಕಾರ್ಡ್ ಸಿಕ್ಕ ರಾತ್ರಿಯೇ ಅತ್ತೆಗೆ ಫೋನ್ ಮಾಡಮ್ಮ, ಬೆಳಿಗ್ಗೆ ಅವರು ಕೆಂಡ ಮಾಡಿಕೊಳ್ಳುವ ಮೊದಲೇ, ದಯವಿಟ್ಟು.

ವಾಣಿ