ತಲಪಾಡಿಯಲ್ಲಿ ಬಸ್ಸು ಹತ್ತಿದ ಕಾಗೆ

ಪ್ರೀತಿಯ ಲಲಿತಾ ಟೀಚರಿಗೆ,

ಕುಂಜತ್ತೂರಿನ ನಮ್ಮ ಶಾಲೆಗೆ ನಾನು ಬಂದ ಮೊದಲ ವಾರ ನೆನಪಿದೆಯೇ? ನಾಲ್ಕನೇ ಕ್ಲಾಸಿಗೆ ಪದ್ಯ ಓದಿಸಿ, ಪ್ರಶ್ನೆ ಕೇಳಿ, ಉತ್ತರವನ್ನೂ ನಾನೇ ಬೋರ್ಡಿನಲ್ಲಿ ಬರೆದಿದ್ದೆ. ಬಾಗಿಲಲ್ಲಿ ನಿಂತು ನೋಡಿದ ನೀವು ಆಮೇಲೆ ಚಹಾ ಕುಡಿಯುವಾಗ, "ಎಲ್ಲ ನೀನೇ ಹೇಳಿದರೆ ಮಕ್ಕಳಿಗೆ ಎಂತ ಕೆಲಸ ಉಂಟು ಮಾರಾಯ್ತಿ?" ಎಂದಿರಿ. ನನಗೆ ಸಿಟ್ಟು ಬಂದಿತ್ತು. ಪಾಠ ಮುಗಿಸುವುದೂ ತಪ್ಪೇ?

ನೀವಂತೂ ಯಾವ ಕಥೆಯನ್ನೂ ಒಂದೇ ದಿನದಲ್ಲಿ ಮುಗಿಸಿದವರಲ್ಲ. ಕಂದು ಕಾಗದದ ಬೈಂಡು ಹಾಕಿದ ಪುಸ್ತಕ ನೋಡಿ ಓದುತ್ತ, ಮಕ್ಕಳು ಬಾಯಿ ಬಿಟ್ಟು ಕೇಳುವ ಹೊತ್ತಿಗೆ ಪಟ್ಟನೆ ಮುಚ್ಚಿ "ನಾಳೆ" ಎನ್ನುತ್ತಿದ್ದಿರಿ. ಮನೆಯಲ್ಲಿ ಬ್ಯಾರಿ, ತುಳು, ಮಲಯಾಳ ಮಾತಾಡುವ ಆ ಮಕ್ಕಳು ಮುಂದೇನಾಗುತ್ತದೆಂದು ಗೇಟಿನವರೆಗೂ ಕನ್ನಡದಲ್ಲೇ ಜಗಳವಾಡುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ.

ಕೊನೆಯ ಸಲ ನೀವು ನಿಲ್ಲಿಸಿದ್ದು, ನೀವು ದಿನಾ ಬರುವ ಬಸ್ಸನ್ನೇ ಕಾಗೆಯೊಂದು ತಲಪಾಡಿಯಲ್ಲಿ ಹತ್ತಿದ ಕಥೆಯನ್ನು. ಕಂಡಕ್ಟರ್ "ಎಲ್ಲಿಗೆ?" ಎಂದ. ಕಾಗೆ ಕೊಕ್ಕು ತೆರೆಯಿತು. ನೀವು ಪುಸ್ತಕ ಮುಚ್ಚಿದಿರಿ. ಮರುದಿನ ಆಸ್ಪತ್ರೆಗೆ ಹೋದವರು ಮತ್ತೆ ಬರಲೇ ಇಲ್ಲ.

ನಿಮ್ಮ ಕ್ಲಾಸು ನನ್ನ ಕೈಗೆ ಬಂತು. ನಾನು ಏನು ಓದಿದರೂ ಮಕ್ಕಳು ತಲೆ ಎತ್ತಲಿಲ್ಲ. "ಕಾಗೆಯ ಕಥೆ ಹೇಳಿ" ಎಂಬ ಒಂದೇ ಹಟ. ಈ ಮಕ್ಕಳು ನನ್ನನ್ನು ಒಪ್ಪುವುದೇ ಇಲ್ಲವೇನೋ ಎಂದು ಹೆದರಿ, ಕಥೆಯ ಕೊನೆ ಹುಡುಕಲು ನಿಮ್ಮ ಡ್ರಾಯರಿನಿಂದ ಆ ಪುಸ್ತಕ ತೆಗೆದೆ. ಟೀಚರ್, ಅದು ಗಣಿತದ ಪುಸ್ತಕ! ಇಷ್ಟು ವರ್ಷ ಭಾಗಾಕಾರ ನೋಡಿಕೊಂಡು ಕಥೆ ಓದಿದಿರಾ? ಎಂಥ ಕಿಲಾಡಿ ನೀವು! ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು.

ಮರುದಿನ ಅದೇ ಪುಸ್ತಕ ಹಿಡಿದು ಹೋದೆ. ನಿಮ್ಮ ಗುಟ್ಟು ಬಿಟ್ಟುಕೊಡಲಿಲ್ಲ. "ಕೊನೆ ನನಗೆ ಗೊತ್ತಿಲ್ಲ ಮಕ್ಕಳೇ, ನಿಮಗೆ ಗೊತ್ತುಂಟಾ?" ಎಂದೆ. ಎದ್ದು ನಿಂತವಳು ನಫೀಸಾ. ಕ್ಲಾಸಿನಲ್ಲಿ ಒಂದು ದಿನವೂ ಮಾತಾಡದವಳು, "ಅವಳು ಕೇಳ್ತಾ ಇದ್ದಾಳೆ, ಅಷ್ಟು ಸಾಕು" ಎಂದು ನೀವು ಸುಮ್ಮನೆ ಬಿಟ್ಟಿದ್ದ ಹುಡುಗಿ.

"ಕಾಗೆ ಹೇಳಿತು, ಲಲಿತಾ ಟೀಚರ್ ಇಳಿದಲ್ಲಿಗೆ ಒಂದು ಟಿಕೆಟ್ ಕೊಡಿ ಅಂತ."

ಹಿಂದಿನ ಬೆಂಚಿನಿಂದ ಯಾರೋ ಕೇಳಿದರು, "ಕಂಡಕ್ಟರ್ ಎಂತ ಹೇಳಿದ ಟೀಚರ್?"

ಪುಸ್ತಕವನ್ನು ಪಟ್ಟನೆ ಮುಚ್ಚಿ "ನಾಳೆ" ಎಂದೆ. ಸಂಜೆ ಗೇಟಿನವರೆಗೂ ಜಗಳ ಕೇಳಿಸಿತು ಟೀಚರ್. ಅದರಲ್ಲಿ ನಫೀಸಾಳ ದನಿಯೇ ಜೋರು.

ನಿಮ್ಮ,
ಶೈಲಜಾ