ಶಾಂತಕುಮಾರಿಯ ಮೈಮೇಲೆ ಬಂದವಳು

ಹರಪನಹಳ್ಳಿ
೧೬ ಏಪ್ರಿಲ್ ೧೯೭೯, ಸೋಮವಾರ

ಪ್ರೀತಿಯ ಮೊಮ್ಮಗ ಜ್ಞಾನಮಿತ್ರನಿಗೆ,

ಕರ್ತನ ಕೃಪೆ ನಿನ್ನ ಮೇಲಿರಲಿ. ಕೆಮ್ಮು ಕಡಿಮೆಯಾಯಿತೆ? ಪರೀಕ್ಷೆಗೆಂದು ನಿದ್ದೆಗೆಡಬೇಡ, ದೇವಶಾಸ್ತ್ರ ಓದುವವನಿಗೂ ದೇಹವೊಂದಿದೆ. ಇಲ್ಲಿ ನಾವೆಲ್ಲ ಕ್ಷೇಮ.

ಡಿಸೆಂಬರಿನಲ್ಲಿ ನಿನ್ನ ತಾಯಿ ಬರೆದದ್ದು ಅರ್ಧ ಮಾತ್ರ. ನಿನಗೆ ಗೊತ್ತುಮಾಡಿದ್ದ ಶಾಂತಕುಮಾರಿ ಆರಾಧನೆಯ ನಡುವೆ ಬಿದ್ದು ಕೈಕಾಲು ಸೆಟೆದದ್ದು ನಿಜ. ದೆವ್ವ ಹಿಡಿದಿದೆಯೆಂದು ನಿಮ್ಮ ನಿಶ್ಚಯ ಮುರಿದದ್ದೂ ನಿಜ. ಮುಂದಿನದನ್ನು ಕೇಳು. ಸಭಾಹಿರಿಯ ಹುಲುಗಣ್ಣ ಅವಳನ್ನು ಅವಳಿರುವ ನಮ್ಮ ಸಭೆಯ ಬೋರ್ಡಿಂಗಿನ ಕೋಣೆಯಲ್ಲಿ ಎರಡು ದಿನ ಉಪವಾಸ ಕೂರಿಸಿದ. ಬೇವಿನ ಸೊಪ್ಪು ಅನ್ಯರ ಪದ್ಧತಿಯೆಂದು ಬಿಟ್ಟವನು ಹುಣಸೆ ಬರಲು ಹಿಡಿದಿದ್ದ! ಮತ್ತೊಮ್ಮೆ ಬಿದ್ದು ಕಣ್ಣುಬಿಟ್ಟವಳನ್ನು, "ಯೇಸುವಿನ ಹೆಸರಿನ್ಯಾಗ ಕೇಳ್ತೀನಿ, ಯಾರಲೇ ನೀನು?" ಎಂದು ಗದರಿದ. ಮಂಪರಿನಲ್ಲೇ ಹುಡುಗಿ, "ಎರ್ರಮ್ಮ ಅದೀನ್ರಿ" ಎಂದಳು. "ಕೇಳಿದ್ರೇನ್ರಿ ಪಾದ್ರಿಗಳೇ, ದೆವ್ವ ಹೆಸರು ಹೇಳ್ತು! ಬಾವಿಗೆ ಬಿದ್ದ ಯಾವಾಕಿನೋ ಇರಬೇಕು" ಎಂದು ಬರಲು ಎತ್ತಿದ.

ನಾನು ಆ ಕೈ ಹಿಡಿದೆ. "ಎರ್ರಮ್ಮ ಸತ್ತಾಕಿ ಅಲ್ಲೋ ಹುಲುಗಣ್ಣ. ಕೂಡ್ಲಿಗಿ ಕಡೆ ಈ ಹುಡುಗಿಗೆ ದೀಕ್ಷಾಸ್ನಾನ ಕೊಟ್ಟು ಹೆಸರು ಬದಲಿಸಿದವ ನಾನ. ಹೆತ್ತಾಕಿ ಇಟ್ಟ ಹೆಸರು ಅದು, ಇಲ್ಲಿ ನಿಮಗ್ಯಾರಿಗೂ ಗೊತ್ತಿಲ್ಲ" ಎಂದೆ. ಹುಲುಗಣ್ಣ ಬರಲು ಕೆಳಗಿಟ್ಟ. "ಹಸಿವಾಗೈತ್ರಿ ಅಜ್ಜಾರ" ಎಂದಳು ಹುಡುಗಿ. ಹುಲುಗಣ್ಣನ ಹೆಂಡತಿಯೇ ಓಡಿಹೋಗಿ ರೊಟ್ಟಿ ತಂದಳು.

ದುರಾತ್ಮಗಳೇ ಇಲ್ಲವೆಂದು ನಾನು ಹಿರಿಯರೊಡನೆ ವಾದಿಸಲಿಲ್ಲ. ಸುವಾರ್ತೆಯಲ್ಲಿ ಓದಿದ್ದನ್ನು ಅಲ್ಲಗಳೆಯಲಾರೆ. ಆದರೆ ನಮ್ಮ ಕರ್ತನು ಯಾರನ್ನೂ ಹೊಡೆದು ಬಿಡಿಸಲಿಲ್ಲ ಎಂದೆ. ಪ್ರಾರ್ಥನೆಯನ್ನೂ ಬಿಡಲಿಲ್ಲ, ದಾವಣಗೆರೆಯ ಬಸ್ಸನ್ನೂ ಬಿಡಲಿಲ್ಲ. ಡಾಕ್ಟರು ಮೂರ್ಛೆರೋಗವೆಂದು ಮಾತ್ರೆ ಕೊಟ್ಟರು. ನಾಲ್ಕು ತಿಂಗಳಾಯಿತು, ಒಮ್ಮೆಯೂ ಬಿದ್ದಿಲ್ಲ! ನಿನ್ನೆ ಪುನರುತ್ಥಾನದ ಹಬ್ಬದಲ್ಲಿ ತುಂಬಿದ ಸಭೆಯೆದುರು ಸುವಾರ್ತೆ ಓದಿದವಳು ಅವಳೇ. ದನಿ ಕೊನೆಯ ಸಾಲಿಗೂ ಮುಟ್ಟಿತು. ಎಲ್ಲರಿಗಿಂತ ಗಟ್ಟಿಯಾಗಿ "ಆಮೆನ್" ಎಂದವನು ಹುಲುಗಣ್ಣ. ನಾನು ಕನ್ನಡಕ ತೆಗೆದು ಒರೆಸಿಕೊಂಡೆ, ಮಗು.

ನಿನ್ನ ವಿದ್ಯೆ ಕರುಣೆಯಾಗಿ ಹಣ್ಣಾಗಲಿ ಎಂದು ಹರಸುವ
ನಿನ್ನ ಅಜ್ಜ,
ದೇವದಾನಪ್ಪ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು. ಮುರಿದ ನಿಶ್ಚಯವನ್ನು ಮತ್ತೆ ಕೂಡಿಸಲು ನಿನ್ನ ತಾಯಿ ತಾನಾಗಿ ಬೋರ್ಡಿಂಗಿಗೆ ಹೋಗಿ ಈಗಷ್ಟೇ ಬಂದಳು. ಹುಡುಗಿ ತಲೆತಗ್ಗಿಸದೆ ಹೇಳಿದಳಂತೆ: "ಜೀವ ಇರೋತನ ಮಾತ್ರಿ ನುಂಗಬೇಕಾದೀತು ಅಂತ ಅವರಿಗೆ ತಿಳಿಸ್ರಿ ಅತ್ತಿ. ಆಮ್ಯಾಗೂ ನಾ ಬೇಕಂದ್ರ ಅವರೇ ನನಗ ಬರೀಲಿ. ನಾನೂ ವಿಚಾರ ಮಾಡಿ ಹೇಳ್ತೀನಿ." ಶಾಭಾಸ್! ನನಗೆ ಉತ್ತರ ಬೇಡ. ಮೊದಲು ಅವಳಿಗೆ ಬರೆ.